ಚೆರ್ನೋಬಿಲ್ ಬೂದಿ ಯಾರ ತಟ್ಟೆಗೆ ಬಿತ್ತು?

(ಹಾಸ್ಟೆಲ್ ವಿದ್ಯಾರ್ಥಿಗಳ ಅಧ್ಯಯನ ಶಿಬಿರದಲ್ಲಿ ಆಡಿದ ಮಾತಿನ ಬರಹ ರೂಪ)



ವಿಕಿರಣಕ್ಕೆ ಮೇಲು ಕೀಳು ಗೊತ್ತಿಲ್ಲ, ಅದು ಸಾಹುಕಾರನನ್ನೂ ಕೂಲಿಯವನನ್ನೂ ಒಂದೇ ಸಮ ಸುಡುತ್ತೆ ಅಂತ ವಿಜ್ಞಾನದ ಮೇಷ್ಟ್ರು ಹೇಳ್ತಾರೆ. ಪುಸ್ತಕದ ಮಟ್ಟಿಗೆ ಈ ಮಾತು ನಿಜ. ಆದರೆ ಒಂದು ಅಣುಸ್ಥಾವರ ಸಿಡಿದ ಮೇಲೆ ಆ ವಿಷ ಯಾರ ಮೈಗೆ ಇಳಿಯಿತು, ಯಾರ ತಟ್ಟೆಗೆ ಬಂತು, ಎಷ್ಟು ವರ್ಷ ಬಂತು ಅಂತ ಹುಡುಕಿಕೊಂಡು ಹೊರಟರೆ ಬೇರೆಯದೇ ಕತೆ ಸಿಗುತ್ತೆ. ಇವತ್ತು ಆ ಕತೆ ಹೇಳೋಕೆ ಬಂದಿದ್ದೇನೆ. ಜಾಗ ಉಕ್ರೇನಿನ ಚೆರ್ನೋಬಿಲ್. ಆಗ ಅದು ಸೋವಿಯತ್ ಒಕ್ಕೂಟಕ್ಕೆ ಸೇರಿತ್ತು. ದುಡಿಯುವವರ ರಾಜ್ಯ ಅಂತ ತನ್ನನ್ನು ತಾನೇ ಕರೆದುಕೊಳ್ಳುತ್ತಿದ್ದ ದೇಶ. ಇದನ್ನು ನೆನಪಿನಲ್ಲಿಟ್ಟುಕೊಂಡು ಕೇಳಿ.

1986ರ ಏಪ್ರಿಲ್ 26, ರಾತ್ರಿ 1 ಗಂಟೆ 23 ನಿಮಿಷ. ನಾಲ್ಕನೇ ರಿಯಾಕ್ಟರಿನಲ್ಲಿ ಒಂದು ಪರೀಕ್ಷೆ ನಡೀತಿತ್ತು. ಸುರಕ್ಷತೆಯ ಪರೀಕ್ಷೆ! ರಿಯಾಕ್ಟರನ್ನು ನಿಲ್ಲಿಸಲು ನಿಯಂತ್ರಣದ ಕಂಬಿಗಳನ್ನು ಒಳಗೆ ಇಳಿಸಿದರು. ಆ ಕಂಬಿಗಳ ತುದಿ ಗ್ರಾಫೈಟಿನದು. ಇಳಿದ ಮೊದಲ ಕ್ಷಣಗಳಲ್ಲಿ ಅವು ಶಕ್ತಿಯನ್ನು ತಗ್ಗಿಸುವ ಬದಲು ಏರಿಸಿಬಿಟ್ಟವು. ಬ್ರೇಕು ತುಳಿದರೆ ಲಾರಿ ಮುಂದಕ್ಕೆ ನುಗ್ಗಿದ ಹಾಗೆ. ಈ ದೋಷ ಮೇಲಿನವರಿಗೆ ಮೊದಲೇ ಗೊತ್ತಿತ್ತು, ಯಂತ್ರದ ಮುಂದೆ ಕೂತು ಕೆಲಸ ಮಾಡುವವರಿಗೆ ಗೊತ್ತಿರಲಿಲ್ಲ. 1987ರಲ್ಲಿ ವಿಚಾರಣೆ ನಡೆದಾಗ ಜೈಲಿಗೆ ಹೋದವರು ಸ್ಥಾವರದವರೇ ಹೊರತು ಅಂಥ ಯಂತ್ರದ ನಕ್ಷೆ ಬರೆದವರಲ್ಲ.

ಪಕ್ಕದ ಪ್ರಿಪ್ಯಾತ್ ಊರಿನಲ್ಲಿ ಸುಮಾರು 49,000 ಜನ. ಮಾರನೆಯ ದಿನ ಮಧ್ಯಾಹ್ನದವರೆಗೂ ಅವರನ್ನು ಹಾಗೇ ಬಿಟ್ಟಿದ್ದರು. ಮಕ್ಕಳು ಬೀದಿಯಲ್ಲಿ ಆಡುತ್ತಿದ್ದವು. ಆಮೇಲೆ ಬಸ್ಸುಗಳು ಬಂದವು. ಕಾಗದಪತ್ರ, ಒಂದಿಷ್ಟು ತಿಂಡಿ ತಗೊಳ್ಳಿ, ಮೂರು ದಿನಕ್ಕೆ ವಾಪಸ್ಸು ಬರ್ತೀರಿ ಅಂದರು. ಆ ಮೂರು ದಿನ ಇನ್ನೂ ಮುಗಿದಿಲ್ಲ. ಸರಕಾರ ಪ್ರಪಂಚಕ್ಕೆ ಬಾಯಿ ಬಿಟ್ಟದ್ದು 28ನೇ ತಾರೀಖು, ಅದೂ ದೂರದ ಸ್ವೀಡನ್ನಿನ ಒಂದು ಅಣುಸ್ಥಾವರದಲ್ಲಿ ಕೆಲಸಗಾರನ ಬೂಟಿಗೆ ಅಂಟಿದ ವಿಕಿರಣ ಸಿಕ್ಕಿಬಿದ್ದ ಮೇಲೆ. ಮೇ 1ರಂದು ಕೀವ್ ನಗರದಲ್ಲಿ ಕಾರ್ಮಿಕ ದಿನದ ಮೆರವಣಿಗೆಯನ್ನೂ ನಡೆಸಿದರು. ಕಾರ್ಮಿಕರ ಹಬ್ಬ ಬೇಕು, ಕಾರ್ಮಿಕರ ಮಕ್ಕಳ ಕತ್ತು ಬೇಡ.

ಕತ್ತು ಅಂದೆ, ಯಾಕೆ ಅಂತ ಹೇಳ್ತೀನಿ. ಹೊರಬಿದ್ದ ವಿಷಗಳಲ್ಲಿ ಅಯೋಡಿನ್ 131 ಅಂತ ಒಂದು. ಹುಲ್ಲಿನ ಮೇಲೆ ಬೀಳುತ್ತೆ, ಹಸು ಮೇಯುತ್ತೆ, ಹಾಲಿಗೆ ಬರುತ್ತೆ, ಹಾಲು ಕುಡಿದ ಮಗುವಿನ ಕತ್ತಿನ ಥೈರಾಯಿಡ್ ಗ್ರಂಥಿಯಲ್ಲಿ ಹೋಗಿ ಕೂರುತ್ತೆ. ಅದರ ಶಕ್ತಿ ಎಂಟು ದಿನಕ್ಕೆ ಅರ್ಧ ಆಗುತ್ತೆ. ಅಂದರೆ ಕೆಲವು ವಾರ ಆ ಹಾಲು ಕುಡಿಸಬೇಡಿ ಅಂತ ಹೇಳಿದ್ದರೆ, ಸಕಾಲಕ್ಕೆ ಅಯೋಡಿನ್ ಔಷಧಿ ಕೊಟ್ಟಿದ್ದರೆ ಮುಗಿದುಹೋಗುತ್ತಿತ್ತು. ಪಕ್ಕದ ಪೋಲೆಂಡ್ ಇದನ್ನು ಮಾಡಿತು. ಕೆಲವೇ ದಿನಗಳಲ್ಲಿ ಸುಮಾರು ಒಂದು ಕೋಟಿ ಮಕ್ಕಳಿಗೆ ಔಷಧಿ ಕುಡಿಸಿತು. ಬೆಂಕಿ ಬಿದ್ದ ಮನೆಯವರು ತಮ್ಮ ಹಳ್ಳಿಗಳಿಗೆ ಆ ಮಾತನ್ನು ಹೊತ್ತಿಗೆ ಸರಿಯಾಗಿ ಮುಟ್ಟಿಸಲಿಲ್ಲ. ಬೆಲಾರೂಸ್, ಉಕ್ರೇನ್, ರಷ್ಯಾದಲ್ಲಿ ಆಗ ಮಕ್ಕಳಾಗಿದ್ದವರಲ್ಲಿ 2005ರ ಹೊತ್ತಿಗೆ 6,000ಕ್ಕೂ ಹೆಚ್ಚು ಜನರಿಗೆ ಥೈರಾಯಿಡ್ ಕ್ಯಾನ್ಸರ್ ಕಾಣಿಸಿಕೊಂಡಿತ್ತು. ಅದರಲ್ಲಿ ಎಷ್ಟೋ ಜನರಿಗೆ ಈ ಹಾಲೇ ಕಾರಣ. ಹೆಚ್ಚಿನವರು ಬದುಕಿದರು, ನಿಜ. ಗ್ರಂಥಿ ಕಿತ್ತು ಹಾಕಿಸಿಕೊಂಡು, ಸಾಯುವ ತನಕ ದಿನಾ ಮಾತ್ರೆ ನುಂಗಿಕೊಂಡು ಬದುಕಿದರು. ಕತ್ತಿನ ಮೇಲೆ ಅಡ್ಡಕ್ಕೆ ಉಳಿದ ಹೊಲಿಗೆಯ ಗುರುತಿಗೆ ‘ಚೆರ್ನೋಬಿಲ್ ಹಾರ’ ಅಂತ ಹೆಸರು ಬಿತ್ತು.

ಇನ್ನು ಗುಡಿಸಿದವರ ವಿಚಾರ. ಸಿಡಿದ ರಿಯಾಕ್ಟರಿನ ಗ್ರಾಫೈಟು ಚೂರುಗಳು ಪಕ್ಕದ ಚಾವಣಿ ಮೇಲೆ ಬಿದ್ದಿದ್ದವು. ತೆಗೆಯಲು ಯಂತ್ರಮಾನವನನ್ನು ತಂದರು. ವಿಕಿರಣಕ್ಕೆ ಯಂತ್ರಗಳು ಕೆಟ್ಟು ನಿಂತವು. ಆಗ ಸೈನಿಕರನ್ನು ಹತ್ತಿಸಿದರು. ಮೈಗೆ ಸೀಸದ ತಗಡು ಕಟ್ಟಿಕೊಂಡು, ಕೈಯಲ್ಲಿ ಸಲಿಕೆ ಹಿಡಿದು ಓಡಬೇಕು, ಒಂದೆರಡು ಚೂರು ಎತ್ತಿ ಎಸೆಯಬೇಕು, ಓಡಿ ಬರಬೇಕು. ಒಂದೆರಡು ನಿಮಿಷದ ಕೆಲಸ. ಅವರನ್ನು ‘ಜೈವಿಕ ರೋಬೋಟ್’ ಅಂತ ಕರೆದರು. ಯಂತ್ರ ಸೋತ ಕಡೆ ಮನುಷ್ಯನನ್ನು ಇಳಿಸೋದು ಅಂದರೇನು ಅಂತ ಮ್ಯಾನ್‌ಹೋಲಿನ ಸಾವುಗಳನ್ನು ಕಂಡ ನಮಗೆ ಬಿಡಿಸಿ ಹೇಳಬೇಕಿಲ್ಲ. ಸುಮಾರು 400 ಗಣಿ ಕಾರ್ಮಿಕರು ಆ ಸೆಕೆಯಲ್ಲಿ ರಿಯಾಕ್ಟರಿನ ಅಡಿಗೆ ಸುರಂಗ ಕೊರೆದರು. ಅಲ್ಲಿ ಹಾಕಿದ ತಂಪು ಮಾಡುವ ವ್ಯವಸ್ಥೆ ಕೊನೆಗೆ ಬೇಕಾಗಲೇ ಇಲ್ಲ. ಈ ಶುಚಿ ಕೆಲಸಕ್ಕೆ ಬಂದವರೆಂದು ಸರ್ಟಿಫಿಕೇಟು ಪಡೆದವರು ಸುಮಾರು ಆರು ಲಕ್ಷ. ಎಷ್ಟೋ ಜನರ ಮೈಗೆ ಬಿದ್ದ ವಿಕಿರಣದ ಲೆಕ್ಕ ಸರಿಯಾಗಿ ಬರೆದೇ ಇಲ್ಲ. ಲೆಕ್ಕ ಇಲ್ಲದ ಮೇಲೆ ಮುಂದೆ ಬಂದ ಕಾಯಿಲೆಗೆ ಕಾರಣ ತೋರಿಸೋದು ಹೇಗೆ? ಒಂದು ಸರ್ಟಿಫಿಕೇಟಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ಸುಖ ನಮಗೂ ಗೊತ್ತಲ್ಲ.

ನೆಲದ ಮಾತಿಗೆ ಬರೋಣ. ಸೀಸಿಯಂ 137ರ ಶಕ್ತಿ ಅರ್ಧ ಆಗೋಕೆ 30 ವರ್ಷ ಬೇಕು. ಗಿಡಗಳು ಅದನ್ನು ಪೊಟ್ಯಾಷ್ ಅಂತ ತಿಳಿದು ಹೀರಿಕೊಳ್ತವೆ. ಒಳ್ಳೆಯ ಜೇಡಿ ಮಣ್ಣಾದರೆ ಅದನ್ನು ಕಚ್ಚಿ ಹಿಡಿದುಕೊಳ್ಳುತ್ತೆ. ಬೆಲಾರೂಸ್ ಮತ್ತು ಉತ್ತರ ಉಕ್ರೇನಿನ ಪೊಲೇಸ್ಯ ಅನ್ನುವ ಸೀಮೆಯದು ಮರಳು ಮತ್ತು ಜೌಗಿನ ಬಡ ಮಣ್ಣು. ಅಲ್ಲಿ ಸೀಸಿಯಂ ಸುಲಭವಾಗಿ ಹುಲ್ಲಿಗೆ, ಹಾಲಿಗೆ ಏರುತ್ತೆ. ಕಾಡಿನಲ್ಲಂತೂ ಅಣಬೆಗೆ, ಕಾಡುಹಣ್ಣಿಗೆ ವರ್ಷ ವರ್ಷವೂ ಬರುತ್ತೆ. ದುಡ್ಡಿದ್ದವನು ಅಂಗಡಿಯಲ್ಲಿ ಪರೀಕ್ಷೆಯಾದ ಹಾಲು ಕೊಳ್ಳುತ್ತಾನೆ. ಇಲ್ಲದವನು ಮನೆಯ ಹಸು ಕರೆಯುತ್ತಾನೆ, ಕಾಡಿಗೆ ಹೋಗಿ ಅಣಬೆ ಆರಿಸುತ್ತಾನೆ. ತಿನ್ನಬೇಡಿ ಅಂತ ಬೋರ್ಡು ಹಾಕೋದು ಸುಲಭ. ಬದಲಿಗೆ ಏನು ತಿನ್ನಬೇಕು ಅಂತ ಬೋರ್ಡಿನಲ್ಲಿ ಬರೆದಿರಲ್ಲ. ಮೇಷ್ಟ್ರು ಹೇಳಿದ ಸಮಾನತೆ ಮುರಿದು ಬಿದ್ದದ್ದು ಇಲ್ಲಿ.

ನಮ್ಮ ದೇಶಕ್ಕೂ ಇದು ಬಂತು. ಯೂರೋಪಿನಿಂದ ಹಾಲಿನ ಯೋಜನೆಗೆ ಸಹಾಯದ ಹೆಸರಿನಲ್ಲಿ ಐರ್ಲೆಂಡಿನ ಬೆಣ್ಣೆ ಬೊಂಬಾಯಿಗೆ ಬಂದಾಗ, ಇದರಲ್ಲಿ ಚೆರ್ನೋಬಿಲ್ ವಿಕಿರಣ ಇದೆ, ಹಂಚಬೇಡಿ ಅಂತ ಕೆಲವರು ಕೋರ್ಟಿಗೆ ಹೋದರು. ಸುಪ್ರೀಂ ಕೋರ್ಟು ತಜ್ಞರ ಸಮಿತಿ ನೇಮಿಸಿತು. ತಿಂದರೆ ತೊಂದರೆಯಿಲ್ಲ ಅಂತ ಸಮಿತಿ ಹೇಳಿತು, 1988ರಲ್ಲಿ ಕೋರ್ಟು ಅದನ್ನು ಒಪ್ಪಿತು. ತಜ್ಞರ ಲೆಕ್ಕ ಸರಿಯೇ ಇರಬಹುದು. ಆದರೆ ಆ ಬೆಣ್ಣೆ ತಿನ್ನಬೇಕಾದವರನ್ನು ಯಾರೂ ಕೇಳಿರಲಿಲ್ಲ.

ಬಿಟ್ಟು ಬಂದವರ ಪಾಡು ನೋಡಿ. 1986ರಲ್ಲಿ 1,16,000 ಜನ, ಆಮೇಲಿನ ವರ್ಷಗಳಲ್ಲಿ ಇನ್ನೂ ಎರಡು ಲಕ್ಷಕ್ಕೂ ಹೆಚ್ಚು ಜನ ಊರು ಬಿಟ್ಟರು. ಹೋದ ಕಡೆಯಲ್ಲಿ ‘ಚೆರ್ನೋಬಿಲ್‌ನವರು’ ಅಂತ ಹೆಸರು. ಅವರ ಮಕ್ಕಳ ಪಕ್ಕ ಕೂರಬೇಡ, ಅವರ ಮನೆಯ ಹೆಣ್ಣು ತರಬೇಡ ಅನ್ನುವ ಮಾತುಗಳು ಹುಟ್ಟಿದವು. ಹತ್ತಿರ ಕೂತರೆ, ಕೈ ಹಿಡಿದರೆ ಅಂಟುವ ರೋಗವಲ್ಲ ಅದು. ಆದರೂ ದೂರ ಇಟ್ಟರು. ಯಾರೋ ಮಾಡಿದ ಹೊಲಸನ್ನು ಇನ್ಯಾರದೋ ಮೈಗೆ ಹಚ್ಚಿ, ನೀನೇ ಹೊಲಸು ಅನ್ನೋದು. ಈ ವಿದ್ಯೆಗೆ ಶಾಸ್ತ್ರ ಪುರಾಣವೇ ಬೇಕಂತಿಲ್ಲ ಅಂತಾಯಿತು! ಹೊಸ ಊರಿನಲ್ಲಿ ಬಾಳಲಾರದೆ ಸಾವಿರಕ್ಕೂ ಹೆಚ್ಚು ಜನ, ಅದರಲ್ಲೂ ಮುದುಕಿಯರು, ಕದ್ದುಮುಚ್ಚಿ ನಿಷೇಧಿತ ಪ್ರದೇಶದ ತಮ್ಮ ಮನೆಗಳಿಗೆ ವಾಪಸ್ಸು ಹೋದರು. ಆಲೂಗಡ್ಡೆ ಹಾಕಿಕೊಂಡು ಅಲ್ಲೇ ಮುದಿಯಾದರು.

ಸತ್ತವರು ಎಷ್ಟು? ಸೋವಿಯತ್ ಸರಕಾರದ ಲೆಕ್ಕ 31. ವಿಶ್ವ ಆರೋಗ್ಯ ಸಂಸ್ಥೆ ಮೊದಲಾದವು 2005ರಲ್ಲಿ, ಹೆಚ್ಚು ವಿಕಿರಣಕ್ಕೆ ಸಿಕ್ಕಿದವರಲ್ಲಿ ಒಟ್ಟು 4,000 ಸಾವು ಆಗಬಹುದು ಅಂದವು. ಗ್ರೀನ್‌ಪೀಸ್ 2006ರಲ್ಲಿ 93,000 ಅಂದಿತು. ಕ್ಯಾನ್ಸರಿನ ಗಂಟಿನ ಮೇಲೆ ಚೆರ್ನೋಬಿಲ್ ಅಂತ ಮೊಹರು ಇರೋದಿಲ್ಲವಲ್ಲ, ಅದಕ್ಕೇ ಈ ಅಂತರ.

ಈಗ ಅಲ್ಲಿ ತೋಳ, ಕಾಡುಕುದುರೆ ತುಂಬಿವೆ, ಪ್ರಕೃತಿ ಗೆದ್ದಿದೆ ಅಂತ ಪತ್ರಿಕೆಗಳು ಚಿತ್ರ ಹಾಕ್ತವೆ. ಜನರನ್ನು ಖಾಲಿ ಮಾಡಿಸಿದರೆ ಎಲ್ಲಿ ಬೇಕಾದರೂ ಕಾಡು ಬೆಳೆಯುತ್ತೆ. ಆ ಕಾಡಿಗೆ ಬೆಂಕಿ ಬಿದ್ದರೆ ಸೀಸಿಯಂ ಮತ್ತೆ ಹೊಗೆಯಾಗಿ ಏಳುತ್ತೆ. ಮಣ್ಣಿನಲ್ಲಿರುವ ಪ್ಲುಟೋನಿಯಂ ಅರ್ಧ ಆಗೋಕೆ 24,000 ವರ್ಷ. ರಿಯಾಕ್ಟರಿನ ಮೇಲೆ 2016ರಲ್ಲಿ ಜರುಗಿಸಿ ಕೂರಿಸಿದ ಉಕ್ಕಿನ ಕಮಾನಿಗೆ ಕೊಟ್ಟಿರುವ ಆಯಸ್ಸು 100 ವರ್ಷ. 2022ರ ಫೆಬ್ರವರಿಯಲ್ಲಿ ರಷ್ಯದ ಸೈನ್ಯ ನುಗ್ಗಿದಾಗ, ಆ ರಾತ್ರಿ ಪಾಳಿಯಲ್ಲಿದ್ದ ಕೆಲಸಗಾರರು ಮೂರು ವಾರಕ್ಕೂ ಹೆಚ್ಚು ಕಾಲ ಮನೆಗೆ ಹೋಗದೆ ಬಂದೂಕಿನ ಕೆಳಗೆ ಸ್ಥಾವರ ಕಾದರು. 2025ರ ಫೆಬ್ರವರಿ 14ರಂದು ಒಂದು ಡ್ರೋನ್ ಬಡಿದು ಆ ಕಮಾನಿಗೆ ತೂತು ಬಿತ್ತು. ಒಳಪದರದಲ್ಲಿ ಬೆಂಕಿ ವಾರಗಟ್ಟಲೆ ಹೊಗೆಯಾಡಿತು. ಅದನ್ನು ಆರಿಸಲು ಮತ್ತೆ ಮನುಷ್ಯರೇ ಹಗ್ಗ ಕಟ್ಟಿಕೊಂಡು ಮೇಲೆ ಹತ್ತಿದರು.