ಸಾಲ್ಮನ್ ಮೀನಿನ ಪ್ರಾಯ ಮತ್ತು ಮನೆತನ



'ನೂಲಿನಂತೆ ಸೀರೆ, ತಾಯಿಯಂತೆ ಮಗಳು' ಎಂಬ ಗಾದೆ ನಿಮಗೆಲ್ಲ ಗೊತ್ತು. ಈ ಮಾತು ಮೀನಿಗೂ ಸಲ್ಲುತ್ತದೆಯೇ? ನಾರ್ವೆ ದೇಶದ ಸಾಲ್ಮನ್ ಸಾಕಣೆಯಲ್ಲಿ ಇದಕ್ಕೆ ಉತ್ತರವಿದೆ.

ಅಟ್ಲಾಂಟಿಕ್ ಸಾಲ್ಮನ್ ನದಿಯಲ್ಲಿ ಹುಟ್ಟಿ, ಕಡಲಿನಲ್ಲಿ ಬೆಳೆದು, ಪ್ರಾಯಕ್ಕೆ ಬಂದಾಗ ಸಂತಾನೋತ್ಪತ್ತಿಗಾಗಿ ನದಿಗೆ ಮರಳುತ್ತದೆ. ಕೆಲವು ಮೀನುಗಳಿಗೆ ಕಡಲಿನಲ್ಲಿ ಒಂದು ಚಳಿಗಾಲ ಕಳೆದರೆ ಸಾಕು. ಕೆಲವು ಎರಡು, ಮೂರು ಚಳಿಗಾಲ ಕಾಯುತ್ತವೆ. ಬೇಗನೆ ಪ್ರಾಯಕ್ಕೆ ಬಂದರೆ ಸಾಕಣೆಗಾರನಿಗೆ ನಷ್ಟ. ಮೈಯಲ್ಲಿ ಕೂಡಿಟ್ಟ ಕೊಬ್ಬು ಮೊಟ್ಟೆ ಅಥವಾ ವೀರ್ಯದ ತಯಾರಿಗೆ ವೆಚ್ಚವಾಗುತ್ತದೆ, ಬೆಳವಣಿಗೆ ಕುಂಠಿತವಾಗುತ್ತದೆ, ಮಾಂಸದ ಕೆಂಬಣ್ಣ ಮಾಸುತ್ತದೆ.

1970ರ ದಶಕದಲ್ಲಿ ನಾರ್ವೆಯ ವಿಜ್ಞಾನಿಗಳು ಸುಮಾರು 40 ನದಿಗಳ ಸಾಲ್ಮನ್ ಸಂಗ್ರಹಿಸಿ ತಳಿ ಅಭಿವೃದ್ಧಿಗೆ ತೊಡಗಿದರು. ಒಂದು ಗಂಡಿನ ವೀರ್ಯದಿಂದ ಹಲವು ಹೆಣ್ಣುಗಳ ಮೊಟ್ಟೆಗಳನ್ನು ಫಲಿತಗೊಳಿಸಿದರು. ಪ್ರತಿ ಕುಟುಂಬದ ಮರಿಗಳನ್ನು ಬೇರೆ ಬೇರೆ ತೊಟ್ಟಿಗಳಲ್ಲಿ ಬೆಳೆಸಿ, ಗುರುತು ಹಾಕಿ, ಅನಂತರ ಒಟ್ಟಾಗಿ ಸಾಕಿದರು. ನೀರು ಒಂದೇ, ಆಹಾರ ಒಂದೇ. ಆದರೂ ಕೆಲವು ಕುಟುಂಬಗಳಲ್ಲಿ ಬಹಳ ಮೀನುಗಳು ಬೇಗ ಪ್ರಾಯಕ್ಕೆ ಬಂದವು, ಕೆಲವುಗಳಲ್ಲಿ ತೀರಾ ಕಡಿಮೆ. ಹೀಗೆ ಸಾಕಿದಾಗ ಕಾಣುವ ಇಂಥ ವ್ಯತ್ಯಾಸಕ್ಕೆ ಆನುವಂಶಿಕತೆಯೇ ಮುಖ್ಯ ಕಾರಣವೆನ್ನಬಹುದು. ಇದರಲ್ಲಿ ತಾಯಿಯಷ್ಟೇ ತಂದೆಗೂ ಪಾಲುಂಟು. ಆದ್ದರಿಂದ ಅಣ್ಣತಮ್ಮ, ಅಕ್ಕತಂಗಿಯರ ದಾಖಲೆ ನೋಡಿಯೇ, ತಡವಾಗಿ ಪ್ರಾಯಕ್ಕೆ ಬರುವ ಕುಟುಂಬಗಳಿಂದ ಮುಂದಿನ ಪೀಳಿಗೆಯ ತಂದೆತಾಯಿಗಳನ್ನು ಆರಿಸಬಹುದು.

2015ರಲ್ಲಿ ಇದರ ಹಿಂದಿನ ಒಂದು ಮುಖ್ಯ ಜೀನ್ ಪತ್ತೆಯಾಯಿತು. ಅದರ ಹೆಸರು ವಿಜಿಎಲ್‌ಎಲ್3. ಕಾಡು ಸಾಲ್ಮನ್‌ಗಳ ಪ್ರಾಯದ ವಯಸ್ಸಿನ ವ್ಯತ್ಯಾಸದಲ್ಲಿ ಶೇಕಡಾ 39ರಷ್ಟನ್ನು ಈ ಜೀನ್ ಇರುವ ಭಾಗವೊಂದೇ ವಿವರಿಸುತ್ತದೆ. ಬೇಗನೆಯ ರೂಪ ಒಂದು, ತಡದ ರೂಪ ಒಂದು ದೊರೆತರೆ ಗಂಡು ಅವಸರಿಸುತ್ತದೆ, ಹೆಣ್ಣು ಕಾಯುತ್ತದೆ. ಹೆಣ್ಣಿನ ಮೈ ದೊಡ್ಡದಾದಷ್ಟೂ ಮೊಟ್ಟೆಗಳು ಹೆಚ್ಚು. ಮನುಷ್ಯರಲ್ಲೂ ಪ್ರಾಯಕ್ಕೆ ಬರುವ ವಯಸ್ಸಿಗೂ ಇದೇ ಜೀನಿಗೂ ಸಂಬಂಧವಿದೆ!

ಆದರೆ ಎಲ್ಲವೂ ವಂಶದ ಕೈಯಲ್ಲಿಲ್ಲ. ಆಹಾರ, ನೀರಿನ ಶಾಖ, ಬೆಳಕು ಇವೂ ಪ್ರಭಾವ ಬೀರುತ್ತವೆ. ಚಳಿಗಾಲದಲ್ಲಿ ಬಲೆಪಂಜರಗಳಿಗೆ ಹಗಲಿರುಳೂ ದೀಪ ಹಾಕಿ ಪ್ರಾಯವನ್ನು ಮುಂದೂಡುವುದುಂಟು.

ಕೊನೆಯದಾಗಿ ಒಂದು ಎಚ್ಚರಿಕೆಯ ಮಾತು. ಸಾಕಣೆಗಾರನಿಗೆ ಬೇಡವಾದ ಈ ವೈವಿಧ್ಯ ನದಿಗೆ ಬೇಕು. ಒಂದು ವರ್ಷ ನದಿ ಬತ್ತಿ ಮೀನು ಸತ್ತರೂ, ಕಡಲಿನಲ್ಲೇ ಉಳಿದ ಬಂಧುಗಳು ಮರುವರ್ಷ ಬಂದು ಸಂತತಿಯನ್ನು ಮುಂದುವರಿಸುತ್ತವೆ. ಪಂಜರದಿಂದ ತಪ್ಪಿಸಿಕೊಂಡ ಮೀನುಗಳ ರಕ್ತ ಬೆರೆತ ಕಡೆ ಕಾಡು ಸಾಲ್ಮನ್‌ಗಳ ಪ್ರಾಯದ ವಯಸ್ಸೂ ಗಾತ್ರವೂ ಬದಲಾಗಿವೆಯೆಂದು 2017ರಲ್ಲಿ ನಾರ್ವೆಯ ಅಧ್ಯಯನವೊಂದು ತೋರಿಸಿತು. ಪಂಜರದ ಮೀನಿಗೆ ನಾವು ತಳಿ ಆರಿಸೋಣ; ನದಿಯ ಮೀನಿಗೆ ಆ ಆಯ್ಕೆಯನ್ನು ನಿಸರ್ಗಕ್ಕೇ ಬಿಡೋಣ.