ಹಿತ್ತಲಲ್ಲಿ ಸೊಪ್ಪು, ತಟ್ಟೆಯಲ್ಲಿ ಸೊಪ್ಪು

(ಮೈಸೂರಿನ ಕುವೆಂಪುನಗರದಲ್ಲಿ ಗೃಹಿಣಿಯರು ಹಾಗೂ ಸುತ್ತಲ ಹಳ್ಳಿಗಳ ಸೊಪ್ಪು ಬೆಳೆಗಾರರು ಸೇರಿದ್ದ ಕೂಟದಲ್ಲಿ ನೀಡಿದ ಉಪನ್ಯಾಸ)



ನಾನು ಬೇಸಾಯಶಾಸ್ತ್ರದ ಮೇಷ್ಟರು. ಕಳೆಗಳ ಪಾಠ ಬಂದಾಗ ಹಲಗೆಯ ಮೇಲೆ ಒಂದು ಪಟ್ಟಿ ಬರೆಯುತ್ತೇನೆ. ಅಣ್ಣೆ, ಗೋಣಿ, ಕನ್ನೆ, ಮುಳ್ಳುದಂಟು, ಗಣಿಕೆ ಎಲ್ಲವೂ ಅದರಲ್ಲಿ ಬರುತ್ತವೆ. ಇವು ರಾಗಿಯ ಜೊತೆ ನೀರಿಗೆ, ಗೊಬ್ಬರಕ್ಕೆ ಪೈಪೋಟಿ ನಡೆಸುತ್ತವೆ, ಆದ್ದರಿಂದ ಸಕಾಲದಲ್ಲಿ ಕೀಳಬೇಕು ಎಂದು ಹೇಳುತ್ತೇನೆ. ಹೇಳುವುದು ಸರಿಯಾಗಿಯೇ ಇದೆ. ಕೆಲವು ವರ್ಷಗಳ ಹಿಂದೆ ಇಲ್ಲೇ ಕುವೆಂಪುನಗರದ ನನ್ನ ಮನೆಯ ಹಿತ್ತಲನ್ನು ಆಳಿನಿಂದ ಸ್ವಚ್ಛ ಮಾಡಿಸಿದೆ. ಊರಿನಿಂದ ಬಂದಿದ್ದ ನಮ್ಮ ತಾಯಿ ಕಿತ್ತು ಹಾಕಿದ ಗುಡ್ಡೆಯ ಮುಂದೆ ಕುಳಿತು ಆಯತೊಡಗಿದರು. “ಅಲ್ಲ ಕಣಪ್ಪ, ಇಷ್ಟು ಓದಿ ಉಣ್ಣೋ ಸೊಪ್ಪ ಕಿತ್ತು ಬಿಸಾಕ್ತೀಯಲ್ಲ” ಎಂದರು. ಆ ರಾತ್ರಿ ನಮ್ಮ ಮನೆಯಲ್ಲಿ ಬೆರಕೆ ಸೊಪ್ಪಿನ ಬಸ್ಸಾರು, ಮುದ್ದೆ. ನನ್ನ ಪಟ್ಟಿಯ ಮುಕ್ಕಾಲು ಭಾಗ ಸಾರಿನಲ್ಲಿತ್ತು.

ಇದನ್ನು ನಗೆಗಾಗಿ ಹೇಳುತ್ತಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಇಲ್ಲಿ ಕುಳಿತಿರುವ ಬೆಳೆಗಾರರ ಮನೆಗಳ ಹೆಣ್ಣುಮಕ್ಕಳೂ ಅದರಲ್ಲಿ ಸೇರಿದವರೇ. ಸಂಜೆಯೆಲ್ಲ ಕುಳಿತು ಕಟ್ಟು ಕಟ್ಟುತ್ತೀರಿ, ಬೆಳಕು ಹರಿಯುವ ಮುನ್ನ ಮಾರುಕಟ್ಟೆಗೆ ಹೊರಡುತ್ತೀರಿ. ಮನೆಯಲ್ಲಿ ಆ ದಿನ ಆಲೂಗೆಡ್ಡೆ ಸಾರು! ಪಟ್ಟಣದವರ ಕಥೆ ಬೇರೆ. ಸೊಪ್ಪು ತರುತ್ತಾರೆ, ಬಿಡಿಸಲು ಬೇಸರ, ಮೂರನೆಯ ದಿನ ಹಳದಿಯಾದ ಕಟ್ಟು ಹಸುವಿನ ಪಾಲಾಗುತ್ತದೆ.

ಒಬ್ಬರಿಗೆ ದಿನಕ್ಕೆ ಸುಮಾರು 100 ಗ್ರಾಂ ಸೊಪ್ಪು ಬೇಕೆಂಬುದು ಪೌಷ್ಟಿಕ ತಜ್ಞರ ಸಲಹೆ. ಒಂದು ಮಾತನ್ನು ಮಾತ್ರ ಮುಚ್ಚುಮರೆಯಿಲ್ಲದೆ ಹೇಳಬೇಕು. ಹಳೆಯ ಪುಸ್ತಕಗಳಲ್ಲಿ 100 ಗ್ರಾಂ ದಂಟಿನ ಸೊಪ್ಪಿಗೆ 20 ಮಿಲಿಗ್ರಾಂಗೂ ಮಿಕ್ಕಿ ಕಬ್ಬಿಣ ಎಂದು ಬರೆದಿರುತ್ತಿತ್ತು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆ 2017ರಲ್ಲಿ ಹೊರತಂದ ಪಟ್ಟಿಯಲ್ಲಿ ಹಸಿರು ದಂಟಿಗೆ ಇರುವುದು ಸುಮಾರು 5 ಮಿಲಿಗ್ರಾಂ. ಹೆಂಗಸರಿಗೆ ದಿನಕ್ಕೆ ಬೇಕಾದದ್ದು 29. ಸೊಪ್ಪಿನ ಕಬ್ಬಿಣ ಪೂರ್ತಿ ಮೈಗೆ ಹತ್ತುವುದೂ ಇಲ್ಲ. ಆದ್ದರಿಂದ ಸೊಪ್ಪು ತಿನ್ನುತ್ತೇನೆಂದು ವೈದ್ಯರು ಕೊಟ್ಟ ಕಬ್ಬಿಣದ ಮಾತ್ರೆ ಬಿಡಬೇಡಿ. ಹಾಗಾದರೆ ಸೊಪ್ಪೇಕೆ? ರಕ್ತಕ್ಕೆ ಬೇಕಾದ ಫೋಲಿಕ್ ಆಮ್ಲ, ಕಣ್ಣಿಗೆ ಬೇಕಾದ ಎ ಜೀವಸತ್ವದ ಮೂಲವಸ್ತು, ಸುಣ್ಣ, ನಾರು ಇಷ್ಟೂ ಇಷ್ಟು ಅಗ್ಗವಾಗಿ ಬೇರೆಲ್ಲಿ ಸಿಗುತ್ತದೆ?

ಈಗ ಬೆಳೆಯುವ ಮಾತು. 30-40 ಅಡಿ ನಿವೇಶನದವರು ಜಾಗವೆಲ್ಲಿ ಎನ್ನುತ್ತಾರೆ. ಆರು ಅಡಿ ಉದ್ದ, ನಾಲ್ಕು ಅಡಿ ಅಗಲದ ಮೂರು ಮಡಿ ಸಾಕು. ಅದೂ ಇಲ್ಲದಿದ್ದರೆ ತಾರಸಿಯ ಮೇಲೆ ಅಗಲ ಬಾಯಿಯ ಕುಂಡಗಳು. ನಾನು ಮೊದಲ ಸಲ ಮಾಡಿದ ತಪ್ಪನ್ನು ನೀವು ಮಾಡಬೇಡಿ. ಪೊಟ್ಟಣದ ಬೀಜವನ್ನೆಲ್ಲ ಒಂದೇ ದಿನ ಚೆಲ್ಲಿದೆ. ತಿಂಗಳಿಗೆ ಸೊಪ್ಪು ಒಟ್ಟಿಗೆ ಬಂತು, ಅಕ್ಕಪಕ್ಕದವರಿಗೆಲ್ಲ ಹಂಚಿದೆವು, ಆಮೇಲೆ ಎರಡು ತಿಂಗಳು ಹಿತ್ತಲು ಬರಿದು. ಹತ್ತು ದಿನಕ್ಕೊಂದು ಮಡಿ ಬಿತ್ತಿ. ಮೂರನೆಯದನ್ನು ಬಿತ್ತಿ ಒಂದು ವಾರ ಹತ್ತು ದಿನ ಕಳೆಯುವಷ್ಟರಲ್ಲಿ ಮೊದಲನೆಯದು ಕೊಯ್ಲಿಗೆ ಬಂದಿರುತ್ತದೆ.

ಮಡಿಗೆ ಎರಡು ಮಂಕರಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ. ದಂಟಿನ ಬೀಜ ಬಲು ಸಣ್ಣದು. ಮಡಿಗೆ ಎರಡು ಗ್ರಾಂ ಸಾಕು, ನಾಲ್ಕರಷ್ಟು ಒಣ ಮರಳಿನೊಡನೆ ಬೆರೆಸಿ ಚೆಲ್ಲಿ, ಮೇಲೆ ತೆಳುವಾಗಿ ಮಣ್ಣು ಉದುರಿಸಿ. ಆಳಕ್ಕೆ ಹೋದ ಬೀಜ ಮೇಲೇಳದು. ಇರುವೆ ಹೊತ್ತೊಯ್ಯುತ್ತದೆ ಎಂಬ ದೂರು ಎಲ್ಲರದೂ. ಮಡಿಯ ಅಂಚಿಗೆ ಒಂದು ಹಿಡಿ ರವೆ ಉದುರಿಸಿದರೆ ಅವು ಅದರ ಹಿಂದೆ ಹೋಗುತ್ತವೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಸುಗುಣ ತಳಿಯನ್ನು ಮತ್ತೆ ಮತ್ತೆ ಕೊಯ್ಯಬಹುದು, ಎಲೆಯ ಅಡಿಯಲ್ಲಿ ಬಿಳಿ ಬೊಕ್ಕೆ ಏಳಿಸುವ ತುಕ್ಕು ರೋಗವನ್ನೂ ಅದು ಒಂದು ಮಟ್ಟಿಗೆ ತಡೆದುಕೊಳ್ಳುತ್ತದೆ. ನೀರನ್ನು ಬೆಳಗ್ಗೆಯೇ ಹಾಕಿ. ರಾತ್ರಿಯಿಡೀ ಎಲೆ ಒದ್ದೆಯಾಗಿರಬಾರದು. ಎಲೆ ಸುತ್ತುವ ಹುಳು ಕಂಡರೆ ಕೈಯಿಂದಲೇ ಆರಿಸಿ ತೆಗೆಯಿರಿ. ಮೂರು ಮಡಿಗೆ ಔಷಧಿ ಹೊಡೆಯುವ ದರ್ದು ಏನಿದೆ? ಮೆಂತ್ಯಕ್ಕೆ ಸಾಂಬಾರ ಡಬ್ಬಿಯ ಕಾಳೇ ಆಯಿತು, ರಾತ್ರಿ ನೆನೆಸಿ ಬಿತ್ತಿದರೆ ಮೂರು ನಾಲ್ಕು ವಾರಕ್ಕೆ ಸೊಪ್ಪು. ಅರೆನೆರಳಿನ ಮೂಲೆಗೆ ಒಂದು ಬಸಳೆ ಬಳ್ಳಿ, ಕಾಂಪೌಂಡಿನ ಬದಿಗೆ ಒಂದು ನುಗ್ಗೆ.

ಬೇಲಿಗೆ ಚಕ್ರಮುನಿ ನೆಟ್ಟವರು ಇಲ್ಲಿ ಬಹಳ. ವಿಟಮಿನ್ ಸೊಪ್ಪು ಎಂದು ಅದನ್ನು ಹಸಿಯಾಗಿ ರುಬ್ಬಿ ಕುಡಿಯುವ ಹವ್ಯಾಸ ಬೇಡ. ತೈವಾನಿನಲ್ಲಿ 1994-95ರ ಸುಮಾರಿಗೆ ತೂಕ ಇಳಿಸಲೆಂದು ಇದರ ಹಸಿ ರಸವನ್ನು ವಾರಗಟ್ಟಲೆ ಕುಡಿದವರ ಶ್ವಾಸಕೋಶವೇ ಕೆಟ್ಟಿತು. ಆಗೊಮ್ಮೆ ಈಗೊಮ್ಮೆ ಬೇಯಿಸಿದ ಪಲ್ಯಕ್ಕೆ ಒಂದು ಹಿಡಿ, ಅಷ್ಟೇ.

ಬೆರಕೆ ಸೊಪ್ಪನ್ನು ಬಲ್ಲವರ ಜೊತೆ ಹೋಗಿ ಕಲಿಯಿರಿ, ಗುರುತಿಲ್ಲದ್ದನ್ನು ಮುಟ್ಟಬೇಡಿ. ಚರಂಡಿಯ ಬದಿ, ಕೊಳಚೆ ನೀರು ಹರಿಯುವ ಜಾಗ, ಕಳೆನಾಶಕ ಹೊಡೆದ ಹೊಲ ಇವುಗಳ ಸೊಪ್ಪು ಎಷ್ಟು ಎಳಸಾಗಿದ್ದರೂ ಬೇಡ. ರೈತ ಬಾಂಧವರಲ್ಲಿ ನನ್ನದೊಂದು ಕೋರಿಕೆ: ಕಳೆನಾಶಕ ಬಳಸುವುದೇ ಆದರೆ ಮನೆಗೆ ಹತ್ತಿರದ ಒಂದು ಪಟ್ಟೆಯನ್ನು ಬಿಟ್ಟುಬಿಡಿ, ಅಲ್ಲಿ ಹೆಂಗಸರು ಕೈಯಿಂದ ಕಿತ್ತುಕೊಳ್ಳಲಿ. ಪಾಠದ ಪುಸ್ತಕದಲ್ಲಿ ಈ ಸಲಹೆ ಇಲ್ಲ.

ಅಡಿಗೆಯ ವಿಷಯದಲ್ಲಿ ಈ ಸಭೆಗೆ ನಾನು ಹೇಳಿಕೊಡುವುದು ಉದ್ಧಟತನವಾದೀತು. ನಮ್ಮ ಮೈಸೂರು, ಮಂಡ್ಯ ಸೀಮೆಯ ಬಸ್ಸಾರು ಮಾಡಿದ ಮಹಾತಾಯಿ ಯಾರೋ, ಆಕೆ ಪೌಷ್ಟಿಕಶಾಸ್ತ್ರ ಓದದೆಯೇ ತಿಳಿದಿದ್ದಳು. ಬೇಳೆ ಅರೆಬೆಂದ ಮೇಲೆ ಸೊಪ್ಪು ಹಾಕಿ, ಬೆಂದದ್ದನ್ನು ಬಸಿದು, ಬಸಿದ ಕಟ್ಟನ್ನೇ ಸಾರು ಮಾಡಿ, ಉಳಿದದ್ದಕ್ಕೆ ಒಗ್ಗರಣೆ ಕೊಟ್ಟರೆ ಪಲ್ಯ. ಫೋಲಿಕ್ ಆಮ್ಲ, ಸಿ ಜೀವಸತ್ವ ನೀರಿನಲ್ಲಿ ಕರಗುವಂಥವು. ಬಸಿದ ನೀರನ್ನು ಚೆಲ್ಲಿದರೆ ಅವೂ ಮೋರಿಗೆ. ಮೂತ್ರಪಿಂಡದಲ್ಲಿ ಕಲ್ಲಾಗಿದ್ದವರು ಮಾತ್ರ ಪಾಲಕ್, ದಂಟಿನ ಕಟ್ಟನ್ನು ಬಿಡಲಿ. ಅವುಗಳ ಆಕ್ಸಲೇಟು ನೀರಿಗಿಳಿದಿರುತ್ತದೆ. ಅವರಿಗೆ ಮೆಂತ್ಯ ವಾಸಿ.

ಸೊಪ್ಪನ್ನು ಹೆಚ್ಚುವ ಮೊದಲೇ ಮೂರು ನೀರಿನಲ್ಲಿ ತೊಳೆಯಿರಿ, ಹೆಚ್ಚಿದ ಮೇಲೆ ಬೇಡ. ಕುಕ್ಕರಿನಲ್ಲಿಟ್ಟು ಸೀಟಿ ಹೊಡೆಸುವಷ್ಟು ಗಟ್ಟಿ ಪದಾರ್ಥ ಅದಲ್ಲ. ಹಸಿರು ಉಳಿಯಲೆಂದು ಅಡಿಗೆ ಸೋಡ ಹಾಕಬೇಡಿ. ಒಗ್ಗರಣೆಯ ಎಣ್ಣೆ ರುಚಿಗಷ್ಟೇ ಅಲ್ಲ. ಅದಿಲ್ಲದೆ ಎ ಜೀವಸತ್ವದ ಅಂಶ ಮೈಗೆ ಹತ್ತದು. ಪಲ್ಯವನ್ನು ಒಲೆಯಿಂದ ಇಳಿಸಿದ ಮೇಲೆ ಅರ್ಧ ಹೋಳು ನಿಂಬೆಹಣ್ಣು ಹಿಂಡಿ, ಸೊಪ್ಪಿನ ಕಬ್ಬಿಣ, ರಾಗಿಯ ಕಬ್ಬಿಣ ಎರಡೂ ಹೆಚ್ಚು ಒಳಹೋಗುತ್ತವೆ. ಊಟವಾದ ಕೂಡಲೇ ಕಾಫಿ ಕುಡಿಯುವುದು ಅದಕ್ಕೆ ಅಡ್ಡಿ. ಮೈಸೂರಿನವರಿಗೆ ಇದು ಕಷ್ಟದ ಮಾತು, ನನಗೂ ಕಷ್ಟವೇ. ಒಂದು ಗಂಟೆ ತಡೆಯಿರಿ.

ಬಾಗಿಲ ಬಳಿಯ ಮೇಜಿನ ಮೇಲೆ ದಂಟಿನ ಬೀಜದ ಪೊಟ್ಟಣಗಳಿವೆ, ಹೋಗುವಾಗ ಒಂದೊಂದು ತೆಗೆದುಕೊಳ್ಳಿ. ಬಿತ್ತಿದ ತಾರೀಖನ್ನು ಪೊಟ್ಟಣದ ಮೇಲೆ ಬರೆದಿಡಿ. ಪ್ರತಿ ಮಡಿಯಲ್ಲಿ ಎರಡು ಗಿಡಗಳನ್ನು ಕೊಯ್ಯದೆ ತೆನೆಗೆ ಬಿಟ್ಟರೆ ಮುಂದಿನ ಸಲ ನನ್ನನ್ನು ಬೀಜ ಕೇಳಬೇಕಾಗಿಲ್ಲ.