ಖೋಲಿಯ ಗೋಡೆಗೆ ತೇಪೆ
(ಕುರ್ಲಾದ ಕಾರ್ಮಿಕ ಬಂಧುಗಳ ಸಭೆಯಲ್ಲಿ ಮಾಡಿದ ಭಾಷಣ)



ಮೊಳೆ ಕಿತ್ತ ಕಡೆ, ಟ್ರಂಕು ತಾಗಿದ ಕಡೆ ನಮ್ಮ ಖೋಲಿಯ ತರಿ ಗಿಲಾವು ಉದುರುತ್ತದೆ. ಅಷ್ಟಕ್ಕೆ ಮೇಸ್ತ್ರಿ ಬೇಕಿಲ್ಲ. ಸಡಿಲಾದುದನ್ನು ಕೆರೆದು, ಧೂಳು ಗುಡಿಸಿ, ಜಾಗವನ್ನು ನೀರಿನಿಂದ ನೆನೆಸಿರಿ. ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಜರಡಿ ಹಿಡಿದ ಮರಳು ಕಲಸಿ, ಕರಣೆಯಿಂದ ಒತ್ತಿ ತುಂಬಿರಿ. ನುಣ್ಣಗೆ ತೀಡಿದರೆ ತೇಪೆ ಎದ್ದು ಕಾಣುವುದು; ಅರೆ ಬಿಗಿದಾಗ ಒದ್ದೆ ಗೋಣಿಚಿಂದಿಯಿಂದ ಮೆಲ್ಲಗೆ ತಟ್ಟಿದರೆ ಹಳೆಯ ತರಿಯೇ ಮೂಡುವುದು. ಒಂದು ವಾರ ನೀರು ಚಿಮುಕಿಸಿ, ಪೂರ್ತಿ ಒಣಗಿದ ಮೇಲೆ ಬಣ್ಣ ಹಚ್ಚಿರಿ.

ಆದರೆ ತೇವದ ಗೋಡೆಗೆ ತೇಪೆ ನಿಲ್ಲದು. ಮೊದಲು ಸೋರಿಕೆ ನಿಲ್ಲಬೇಕು. ದಿನೇ ದಿನೇ ಅಗಲವಾಗುವ ಬಿರುಕನ್ನೂ, ಕಂಬದಲ್ಲಿ ತುಕ್ಕು ಹಿಡಿದ ಸಲಾಕೆಯನ್ನೂ ಗಾರೆಯಿಂದ ಮುಚ್ಚಲೇಬೇಡಿರಿ. 2022ರ ಜೂನ್ 27ರ ರಾತ್ರಿ ಇದೇ ಕುರ್ಲಾದ ನಾಯಕ್ ನಗರದಲ್ಲಿ ಕಟ್ಟಡ ಕುಸಿದು 19 ಮಂದಿ ಸತ್ತರು. ಅಂಥ ಬಿರುಕು ಕಂಡರೆ ಪಾಲಿಕೆಗೆ ತಿಳಿಸಿರಿ, ಮಾಲೀಕನಿಗೆ ಬರೆದು ಕೊಡಿರಿ. ದುರಸ್ತಿ ಅವನ ಹೊಣೆ. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾನೂನಿನಂತೆ, 15 ದಿನಕ್ಕೆ ಕಡಿಮೆಯಿಲ್ಲದ ನೋಟೀಸು ಕೊಟ್ಟರೂ ಅವನು ಮಾಡದಿದ್ದರೆ ಬಾಡಿಗೆದಾರರೇ ಮಾಡಿಸಿ, ವರ್ಷದ ಬಾಡಿಗೆಯ ಕಾಲು ಭಾಗದವರೆಗೆ ಮುರಿದುಕೊಳ್ಳಬಹುದು. ಒಬ್ಬೊಬ್ಬರೇ ಹೋಗಬೇಡಿರಿ, ಚಾಳಿನವರೆಲ್ಲ ಸೇರಿ ಸಹಿ ಹಾಕಿರಿ.